ಹೇಮಾವತಿಯ ತವರಿಗೆ ಮೂರು ದಿನ

ಹಾಸನ ಜಿಲ್ಲೆಯ ಮನೆಗಳಲ್ಲಿ ಘಟ್ಟ ನೋಡುವ ಆಸೆ ಸಾಮಾನ್ಯವಾಗಿ ಮೊಳೆಯುವುದು ದಸರಾ ರಜೆ ಹತ್ತಿರವಾದಾಗ. ರಾತ್ರಿ ಊಟ ಮುಗಿದ ಮೇಲೆ ಮಾತು ಶುರುವಾಗುತ್ತದೆ. ಅಜ್ಜಿಗೆ ಕುಕ್ಕೆ ಸುಬ್ರಹ್ಮಣ್ಯನ ದರ್ಶನವಾಗಬೇಕು. ಸಾಧ್ಯವಾದರೆ ಧರ್ಮಸ್ಥಳದ ಮಂಜುನಾಥನದ್ದೂ ಆಗಲಿ. ಕಾಲೇಜಿಗೆ ಹೋಗುವ ಮಗನಿಗೆ ಬೆಟ್ಟ, ಮಂಜು, ಫೋಟೊ ಬೇಕು. ಮನೆಯಾಕೆಗೆ ಮಧ್ಯಾಹ್ನದ ಊಟ ಎಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬ ಚಿಂತೆ. ಯಜಮಾನರು ಮೊಬೈಲು ತೆರೆದು, ‘ನೂರೈವತ್ತು ಚಿಲ್ಲರೆ ಕಿಲೋಮೀಟರ್, ನಾಲ್ಕು ಗಂಟೆಯ ದಾರಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಎಡವಟ್ಟು ಆರಂಭವಾಗುವುದು ಇಲ್ಲಿಂದಲೇ.

ಬಯಲಿನ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ಘಟ್ಟದ ದಾರಿಗೆ ಆ ಲೆಕ್ಕ ಸಾಲದು. ಅಲ್ಲಿ ಮೊದಲು ಕೇಳಬೇಕಾದದ್ದು ನೀರಿನ ಸಮಾಚಾರ. ಮಳೆ ಯಾವ ತಿಂಗಳು ಎಷ್ಟು ಸುರಿಯುತ್ತದೆ, ಸುರಿದದ್ದು ಯಾವ ಕಡೆ ಇಳಿಯುತ್ತದೆ, ಇಳಿಯುವಾಗ ರಸ್ತೆಬದಿಯ ಮಣ್ಣನ್ನು ಏನು ಮಾಡುತ್ತದೆ ಎಂಬುದು ತಿಳಿದರೆ ಯಾವಾಗ ಹೊರಡಬೇಕು, ಯಾವ ಘಾಟಿ ಇಳಿದು ಯಾವ ಘಾಟಿ ಹತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನದ ಜನರಿಗಂತೂ ಇದು ಹೊರಗಿನ ಪಾಠವಲ್ಲ. ಅವರ ಗದ್ದೆಗೆ, ಕೆರೆಗೆ ಬರುವ ನೀರು ಹುಟ್ಟುವುದು ಆ ಘಟ್ಟದಲ್ಲೇ.

ಮೇಲೆಯೇ ಇರುವ ಊರು

ಹಾಸನದಿಂದ ಸಕಲೇಶಪುರಕ್ಕೆ ಹೋಗುವವರು ‘ಘಟ್ಟ ಹತ್ತುತ್ತೇವೆ’ ಎಂದುಕೊಳ್ಳುವುದುಂಟು. ವಾಸ್ತವವಾಗಿ ಎರಡೂ ಊರುಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, 950 ಮೀಟರ್‌ಗಳ ಆಸುಪಾಸಿನಲ್ಲಿವೆ. ಹಾಸನದವರು ಬೆಟ್ಟದ ಬುಡದಲ್ಲಿಲ್ಲ, ಮಾಳಿಗೆಯ ಮೇಲಿದ್ದಾರೆ. ಮಾಳಿಗೆಯ ಪಡುವಣ ಅಂಚಿಗೆ ಹೋಗಿ ಬಗ್ಗಿ ನೋಡಿದರೆ ಕಾಣುವುದೇ ಘಟ್ಟ. ಸಕಲೇಶಪುರ ದಾಟಿ ಶಿರಾಡಿ ಇಳಿದು ಗುಂಡ್ಯ ತಲುಪುವಷ್ಟರಲ್ಲಿ ಎತ್ತರ ಇನ್ನೂರು ಮೀಟರಿಗಿಂತ ಕೆಳಗೆ ಬಂದಿರುತ್ತದೆ.

ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಈ ಗೋಡೆಗೆ ಬಡಿದು ಮೇಲೇಳುತ್ತದೆ. ಮೇಲೇರಿದಂತೆ ತಂಪಾಗಿ, ಹೊತ್ತು ತಂದ ಆವಿಯನ್ನು ಅಂಚಿನಲ್ಲೇ ಸುರಿದುಬಿಡುತ್ತದೆ. ಉಳಿದ ಅಷ್ಟಿಷ್ಟು ತೇವವನ್ನು ಹೊತ್ತು ಹಾಸನಕ್ಕೆ ಬರುತ್ತದೆ. ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಗಾಳಿ ಮಾತ್ರ ಉಳಿದಿರುತ್ತದೆ. ಚನ್ನರಾಯಪಟ್ಟಣದಲ್ಲಿ ವರ್ಷಕ್ಕೆ ಎಪ್ಪತ್ತು ಸೆಂಟಿಮೀಟರ್ ಆಸುಪಾಸು ಮಳೆಯಾದರೆ ಬಿಸಿಲೆಯ ಅಂಚಿನಲ್ಲಿ ಅದರ ಹಲವು ಪಟ್ಟು. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಈ ಎರಡರ ನಡುವಿನ ಅಂತರ ಎಂಬತ್ತು ಕಿಲೋಮೀಟರ್ ಅಷ್ಟೆ. ಇಷ್ಟು ಚಿಕ್ಕ ದಾರಿಯಲ್ಲಿ ತೆಂಗು–ರಾಗಿಯ ನಾಡಿನಿಂದ ನಿತ್ಯಹರಿದ್ವರ್ಣ ಕಾಡಿನವರೆಗೆ ಎಲ್ಲವನ್ನೂ ನೋಡಬಹುದು.

ಯಾವ ದಾರಿ, ಯಾವ ದಿಕ್ಕು?

ಈ ಸೀಮೆಯಿಂದ ಕರಾವಳಿಗೆ ಇಳಿಯಲು ದಾರಿಗಳು ಹಲವು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ ಇಳಿಯುವುದು ಶಿರಾಡಿಯಲ್ಲಿ. ಬೇಗ ತಲುಪಬೇಕಾದವರಿಗೆ ಅದು ಸರಿ. ಆದರೆ ಸಾಲುಗಟ್ಟಿದ ಲಾರಿ, ಟ್ಯಾಂಕರುಗಳ ಹಿಂದೆ ಹೊಗೆ ಕುಡಿಯುತ್ತಾ ಇಳಿಯುವವರಿಗೆ ಕಾಡು ಕಾಣುವುದು ಕಡಿಮೆ. ದಕ್ಷಿಣಕ್ಕೆ ಮಡಿಕೇರಿ–ಸಂಪಾಜೆಯ ದಾರಿಯಿದೆ, ಉತ್ತರಕ್ಕೆ ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ. ಇವುಗಳ ನಡುವೆ, ಹೆಚ್ಚಿನವರು ಮರೆತಿರುವುದು ಬಿಸಿಲೆ ಘಾಟಿ. ಬೆಂಗಳೂರು–ಜಾಲ್ಸೂರು ರಾಜ್ಯ ಹೆದ್ದಾರಿ ಇಳಿಯುವುದು ಇಲ್ಲೇ.

ಆತುರವಿಲ್ಲದವರಿಗೆ ಒಪ್ಪುವ ಸುತ್ತು ಹೀಗಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಕೊಡ್ಲಿಪೇಟೆ, ಶನಿವಾರಸಂತೆ, ಬಿಸಿಲೆ, ಕುಕ್ಕೆ – ಇದು ಮೊದಲ ದಿನ. ಎರಡನೆಯ ದಿನ ಕುಕ್ಕೆಯಿಂದ ಧರ್ಮಸ್ಥಳ. ಮೂರನೆಯ ದಿನ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ. ಒಟ್ಟು ನಾನೂರು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಹಟದವರು ಒಂದೇ ದಿನದಲ್ಲಿ ಮುಗಿಸಿಯಾರು. ಅವರು ನೋಡುವುದು ರಸ್ತೆಯನ್ನು ಮಾತ್ರ.

ಇಳಿಯಲು ಬಿಸಿಲೆ, ಹತ್ತಲು ಚಾರ್ಮಾಡಿ ಎಂಬುದಕ್ಕೂ ಕಾರಣವಿದೆ. ಬೆಳಗಿನ ಹೊತ್ತು ಪಶ್ಚಿಮಕ್ಕೆ ಸಾಗುವಾಗ ಸೂರ್ಯ ಬೆನ್ನ ಹಿಂದಿರುತ್ತಾನೆ. ಚಾಲಕನ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಎದುರಿನ ಬೆಟ್ಟಗಳ ಮೇಲೆ ಬೆಳಕು ಬಿದ್ದಿರುತ್ತದೆ. ಅದೇ ದಾರಿಯನ್ನು ಸಂಜೆ ಹಿಡಿದರೆ ಬಿಸಿಲು ಮುಖಕ್ಕೆ, ಬೆಟ್ಟ ಬರೀ ಕಪ್ಪು ನೆರಳು.

ಅರಕಲಗೂಡಿನಿಂದಾಚೆ

ಚನ್ನರಾಯಪಟ್ಟಣ ಬಿಡುವಾಗ ಕಾಣುವುದು ತೆಂಗಿನ ತೋಟ, ರಾಗಿ ಹೊಲ. ಈ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕವೇ ಹೇಮಾವತಿ ನಾಲೆಯ ನೀರು ತುಮಕೂರು ಜಿಲ್ಲೆಗೆ ಹರಿದುಹೋಗುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯೇ ಎದುರಾಗುತ್ತಾಳೆ. ದಡದಲ್ಲಿ ಲಕ್ಷ್ಮೀನರಸಿಂಹ ಸ್ವಾಮಿಯ ದೇವಾಲಯ. ಪಯಣದ ಮೊದಲ ನಿಲುಗಡೆ ಇಲ್ಲಾದರೆ ಒಳ್ಳೆಯದು. ಮಕ್ಕಳಿಗೆ ಹೊಳೆಯನ್ನು ತೋರಿಸಿ, ಅದರ ಅಗಲ ಎಷ್ಟೆಂದು ನೆನಪಿಟ್ಟುಕೊಳ್ಳಲು ಹೇಳಬೇಕು. ಮೂರನೆಯ ದಿನ ಅದರ ಪ್ರಯೋಜನ ಗೊತ್ತಾಗುತ್ತದೆ.

ಹಾಸನದಿಂದ ಹೊರಡುವವರು ಗೊರೂರಿನ ಮೇಲೆ ಬಂದು ಅರಕಲಗೂಡಿನಲ್ಲಿ ಈ ದಾರಿ ಸೇರಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಹುಟ್ಟೂರು ಅದು. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟೆ ಇರುವುದೂ ಅಲ್ಲೇ. ಅಣೆಕಟ್ಟೆಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೈಬಿಚ್ಚಿ ನಿಲ್ಲುತ್ತದೆ. ಘಟ್ಟದಲ್ಲಿ ಆ ವರ್ಷ ಎಂಥ ಮಳೆಯಾಯಿತೆಂದು ಅದರ ಗೋಡೆ ನೋಡಿಯೇ ಹೇಳಬಹುದು.

ಅರಕಲಗೂಡು ತಾಲ್ಲೂಕಿಗೆ ಎರಡು ಹೊಳೆಗಳ ಭಾಗ್ಯ. ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಕೊಣನೂರು, ರಾಮನಾಥಪುರಗಳನ್ನು ಹಾದುಹೋಗುವ ಕಾವೇರಿ. ಹೊಲಗಳಲ್ಲಿ ಆಲೂಗೆಡ್ಡೆ, ಶುಂಠಿ, ಹೊಗೆಸೊಪ್ಪು. ಸೊಪ್ಪು ಹದಮಾಡುವ ಎತ್ತರದ ಬ್ಯಾರನ್‌ಗಳು ರಸ್ತೆಯಿಂದಲೇ ಕಾಣುತ್ತವೆ. ಪೆಟ್ರೋಲು ತುಂಬಿಸುವುದು, ಟೈರಿನ ಗಾಳಿ ನೋಡಿಸುವುದು, ಬುತ್ತಿ ಕಟ್ಟಿಸಿಕೊಳ್ಳುವುದು ಎಲ್ಲವನ್ನೂ ಅರಕಲಗೂಡಿನಲ್ಲೇ ಮುಗಿಸುವುದು ಲೇಸು. ಮುಂದೆ ಅಂಗಡಿಗಳು ವಿರಳವಾಗುತ್ತವೆ, ಬಿಸಿಲೆಯ ಕಾಡಿನಲ್ಲಿ ಮೊಬೈಲಿಗೆ ಸಂಕೇತ ಸಿಗದ ಜಾಗಗಳೇ ಹೆಚ್ಚು. ದಾರಿಯ ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಅದಕ್ಕೆ ಚಾರ್ಜು ಬೇಕಿಲ್ಲ.

ಕೊಡ್ಲಿಪೇಟೆ, ಶನಿವಾರಸಂತೆ ಕೊಡಗು ಜಿಲ್ಲೆಗೆ ಸೇರಿದವು. ಇಲ್ಲಿಂದ ಕಾಫಿ ತೋಟಗಳ ನೆರಳು ಶುರು. ಆನೆಗಳ ಸೀಮೆಯೂ ಹೌದು. ಈ ಭಾಗಕ್ಕೆ ಹತ್ತಿರವಿರುವ ಯಸಳೂರು ವಲಯದಲ್ಲಿ, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದರ ಜೊತೆಗಿನ ಕಾದಾಟದಲ್ಲಿ ಪ್ರಾಣಬಿಟ್ಟ. ಅದು 2023ರ ಡಿಸೆಂಬರ್ 4. ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆತರಲಾಗಿತ್ತು. ಇಲ್ಲಿನ ಜನರಿಗೆ ಆನೆಯೆಂದರೆ ನೋಡಿ ನಲಿಯುವ ಪ್ರಾಣಿಯಲ್ಲ, ದಿನನಿತ್ಯದ ಅಂಜಿಕೆ. ಪ್ರವಾಸಿಗರಿಗೂ ಇದರಲ್ಲಿ ಒಂದು ಎಚ್ಚರಿಕೆಯಿದೆ. ಮುಂಜಾನೆ ಕತ್ತಲಲ್ಲಿ, ಮುಸ್ಸಂಜೆಯ ನಂತರ ಈ ದಾರಿಯಲ್ಲಿ ಓಡಾಡಬಾರದು. ಕಾಡಿನೊಳಗೆ ಹೊತ್ತು ಮುಳುಗುವ ಮೊದಲೇ ಕತ್ತಲಾಗುತ್ತದೆ. ಮಧ್ಯಾಹ್ನ ಎರಡರೊಳಗೆ ಬಿಸಿಲೆ ತಲುಪುವಂತೆ ಲೆಕ್ಕ ಹಾಕಿದರೆ ಹಗಲಿರುವಾಗಲೇ ಕುಕ್ಕೆ ಸೇರಬಹುದು.

ನೀರು ಎರಡಾಗುವ ಜಾಗ

ಬಿಸಿಲೆಗೆ ಹತ್ತಿರದ ಮಂಕನಹಳ್ಳಿಯಲ್ಲಿ ಒಂದು ಹಳೆಯ ಕಲ್ಲು ನೆಟ್ಟಿದ್ದಾರೆ. ನೋಡಲು ಮೈಲಿಗಲ್ಲಿನಂತಿರುವ ಇದರ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ ಎಂಬ ಗುರುತು. ಇಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪೂರ್ವಕ್ಕೆ ಇಳಿದ ಹನಿ ಹೇಮಾವತಿ ಸೇರಿ, ಗೊರೂರಿನಲ್ಲಿ ನಿಂತು, ಹೊಳೆನರಸೀಪುರ ಹಾದು, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಕಲೆತು, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಕಡಲಿಗೆ ಬೀಳುತ್ತದೆ. ನೇರ ಗೆರೆಯ ಲೆಕ್ಕದಲ್ಲಿ ಪಡುವಣ ಕಡಲು ಇಲ್ಲಿಂದ ನೂರು ಕಿಲೋಮೀಟರಿನೊಳಗೆ, ಮೂಡಣದ್ದು ನಾನೂರಕ್ಕೂ ಮೇಲೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳ ಹಣೆಬರಹ ಒಂದು ಗೇಣು ಅಂತರದಲ್ಲಿ ಬೇರೆಯಾಗುತ್ತದೆ. ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಓದಿ ಮರೆತ ಪದ ಈ ಕಲ್ಲಿನ ಮುಂದೆ ನಿಂತ ಮಗುವಿಗೆ ಮತ್ತೆ ಮರೆಯುವುದಿಲ್ಲ.

ಈಚೆಗೆ ಮನುಷ್ಯ ಈ ಹಂಚಿಕೆಯನ್ನು ಬದಲಿಸಲು ಹೊರಟಿದ್ದಾನೆ. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆಯ ನೀರನ್ನು ಮೇಲೆತ್ತಿ ಪೂರ್ವದ ಬರಡು ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರ ತಾಲ್ಲೂಕಿನಲ್ಲಿ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಕುಡಿಯುವ ನೀರಿಗಾಗಿ ಕಾಯುವವರದ್ದು ಒಂದು ನ್ಯಾಯ, ಕಾಡು ಮತ್ತು ಕರಾವಳಿಯವರದ್ದು ಇನ್ನೊಂದು. ವಾದ ಏನೇ ಇರಲಿ, ಎರಡೂ ಕಡೆಯವರು ಒಮ್ಮೆ ಈ ಅಂಚಿನಲ್ಲಿ ನಿಂತು ನೋಡಬೇಕು.

ಸ್ವಲ್ಪ ಮುಂದೆ ಬಿಸಿಲೆಯ ವೀಕ್ಷಣಾ ಸ್ಥಳ. ಎದುರಿಗೆ 1,712 ಮೀಟರ್ ಎತ್ತರದ ಕುಮಾರಪರ್ವತ, ಏಣಿಕಲ್ಲು ಬೆಟ್ಟ. ಕೆಳಗಿನ ಕಣಿವೆಯಲ್ಲಿ ಹೊಳೆಯ ಸದ್ದು ಕೇಳಿಸುತ್ತದೆ, ಹೊಳೆ ಕಾಣಿಸುವುದಿಲ್ಲ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಎದುರಿನ ಪುಷ್ಪಗಿರಿ ಅಭಯಾರಣ್ಯವೂ ಒಂದು. ಇಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುವುದನ್ನೂ ಯೋಜನೆಯಲ್ಲಿ ಬರೆದುಕೊಂಡೇ ಹೊರಡಬೇಕು. ಬರೆದುಕೊಳ್ಳದ ಅರ್ಧ ಗಂಟೆ ದಾರಿಯಲ್ಲಿ ಸಿಗುವುದಿಲ್ಲ.

ಒಂದು ಹಂಡೆ ಬಿಸಿನೀರು

ಬಿಸಿಲೆಯಿಂದ ಕೆಳಗಿನ ಕುಲ್ಕುಂದಕ್ಕೆ ಇಳಿಯುವಾಗ ಎತ್ತರ ಸುಮಾರು 700 ಮೀಟರ್ ತಗ್ಗುತ್ತದೆ. ಜನ, ಸಾಮಾನು ಸೇರಿ ಒಂದೂವರೆ ಸಾವಿರ ಕಿಲೋ ತೂಗುವ ಕಾರು ಇಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಒಂದು ಕೋಟಿ ಜೂಲ್. ಮೂವತ್ತೈದು ಲೀಟರ್ ತಣ್ಣೀರನ್ನು, ಅಂದರೆ ಬಚ್ಚಲಿನ ಒಂದು ಸಣ್ಣ ಹಂಡೆಯನ್ನು, ಕುದಿಸಲು ಸಾಕಾಗುವಷ್ಟು ಶಾಖ ಅದು. ಒಂದು ಪಾಲು ಗಾಳಿಗೂ ಟೈರಿಗೂ ಹೋಗುತ್ತದೆ. ಉಳಿದದ್ದನ್ನೆಲ್ಲ ಬ್ರೇಕಿನಲ್ಲೇ ಅದುಮಿ ಹಿಡಿಯಲು ಹೋದರೆ ಬ್ರೇಕು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಹಿಡಿತವೇ ಸಡಿಲವಾಗುತ್ತದೆ. ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಲಾರಿ ಚಾಲಕರು ಹೇಳುವುದು ಇದಕ್ಕೇ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಪೆಟ್ರೋಲು ಉಳಿಸುವ ಆಸೆಗೆ ಗೇರು ಬಿಡಿಸಿ, ಇಂಜಿನ್ ನಿಲ್ಲಿಸಿ ಇಳಿಸುವುದು ಜೀವದ ಜೊತೆ ಆಡುವ ಆಟ.

ಇಕ್ಕಟ್ಟಿನ ತಿರುವಿನಲ್ಲಿ ಎರಡು ಗಾಡಿ ಎದುರಾದರೆ ಇಳಿಯುವವರು ನಿಂತು, ಹತ್ತುವವರಿಗೆ ದಾರಿ ಬಿಡಬೇಕೆಂಬುದು ಬರೀ ಸೌಜನ್ಯವಲ್ಲ, ರಸ್ತೆಯ ನಿಯಮ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಕಷ್ಟ.

ತಿರುವಿನ ದಾರಿಯಲ್ಲಿ ವಾಂತಿಯಾಗುವ ವಯಸ್ಸಾದವರಿದ್ದರೆ ಅವರಿಗೆ ರೈಲೂ ಇದೆ. ಹಾಸನದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹಗಲಿನ ರೈಲಿನಲ್ಲಿ ಹೋದರೆ ಸಕಲೇಶಪುರದ ಆಚೆ 57 ಸುರಂಗಗಳು. 1979ರಲ್ಲಿ ಮೀಟರ್‌ಗೇಜ್ ಆಗಿ ಆರಂಭವಾದ ಈ ಹಳಿಯ ಮೇಲೆ ಅಗಲ ಗೇಜಿನ ಪ್ರಯಾಣಿಕರ ರೈಲು ಓಡತೊಡಗಿದ್ದು 2007ರಲ್ಲಿ. ಅಜ್ಜಿ ರೈಲಿನಲ್ಲಿ, ಉಳಿದವರು ರಸ್ತೆಯಲ್ಲಿ ಹೋಗಿ ಕುಕ್ಕೆಯಲ್ಲಿ ಕೂಡಬಹುದು.

ರಾಗಿ ರಾಶಿಯ ಪಾಠ

ಹಸಿರು, ಜಲಪಾತ, ಮಂಜು ಎಲ್ಲ ತುಂಬಿ ತುಳುಕುವುದು ಜುಲೈ, ಆಗಸ್ಟಿನಲ್ಲಿ. ಆಗಲೇ ಹೋಗಬೇಕೆಂದು ಹುಡುಗರು ಹಟ ಹಿಡಿಯುತ್ತಾರೆ. ಅವರ ಮುಂದೆ ಕೆಲವು ತಾರೀಕುಗಳನ್ನು ಇಡಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ. 2024ರ ಜುಲೈನಲ್ಲಿ ಸಕಲೇಶಪುರದಾಚೆ ದೊಡ್ಡತಪ್ಪಲೆಯ ಬಳಿ ಶಿರಾಡಿ ಹೆದ್ದಾರಿ, ಅದೇ ತಿಂಗಳು ಎಡಕುಮೇರಿ ಬಳಿ ರೈಲುಹಳಿ. ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದಂಗಡಿಯೇ ಮಣ್ಣಿನಡಿ ಹೋಯಿತು. ಅಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಅಂಗಡಿಯ ಮನೆಯವರೂ ಇದ್ದರು, ದಾರಿಹೋಕರೂ ಇದ್ದರು.

ಇದು ಹೇಗಾಗುತ್ತದೆಂಬುದನ್ನು ಕಣ ಕಂಡವರಿಗೆ ವಿವರಿಸಬೇಕಾಗಿಲ್ಲ. ತೂರಿ ಗುಡ್ಡೆ ಹಾಕಿದ ರಾಗಿ ತಾನಾಗಿಯೇ ಒಂದು ಓರೆಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ಪೇರಿಸಲು ಹೋದರೆ ಜಾರುತ್ತದೆ. ಬುಡದಿಂದ ಒಂದು ಮೊರ ಬಾಚಿದರೆ ಮೇಲಿನದು ಇಳಿದುಬರುತ್ತದೆ. ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡುವುದೂ ಹೀಗೆಯೇ. ಕಲ್ಲು, ಮಣ್ಣು, ಬೇರುಗಳ ಬಿಗಿಯಿಂದ ಕಡಿದ ಗೋಡೆ ಬೇಸಿಗೆಯಲ್ಲಿ ನೆಟ್ಟಗೆ ನಿಂತಿರುತ್ತದೆ. ಹತ್ತು ದಿನ ಬಿಡದೆ ಮಳೆ ಹಿಡಿದರೆ ಮಣ್ಣಿನ ಸಂದಿಗಳಲ್ಲಿ ನೀರು ತುಂಬಿ, ಕಣಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ತೂಕವೂ ಏರುತ್ತದೆ. ಆಮೇಲೆ ಒಂದು ಗಳಿಗೆ ಸಾಕು.

ಆದ್ದರಿಂದ ಘಟ್ಟದ ಪ್ರವಾಸಕ್ಕೆ ಒಳ್ಳೆಯ ಕಾಲ ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಸಿರು ಇನ್ನೂ ಇರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಇಂಬಳದ ಕಾಟ ಕಡಿಮೆಯಾಗಿರುತ್ತದೆ. ಮುಂಗಾರಿನಲ್ಲಿ ಹೋಗಲೇಬೇಕಾದವರು ಹಿಂದಿನ ದಿನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಜಿಲ್ಲಾಡಳಿತ ಸಂಚಾರ ನಿಲ್ಲಿಸುವುದುಂಟು. ನಿಲ್ಲಿಸಿದೆಯೆಂದರೆ ಬೇರೆ ಒಳದಾರಿ ಹುಡುಕದೆ ಮನೆಯಲ್ಲಿ ಉಳಿಯುವುದೇ ಜಾಣತನ. ಕಡಿದ ಗುಡ್ಡದ ಕೆಳಗೆ, ಎಷ್ಟೇ ಚೆಂದದ ನೀರಿನ ಧಾರೆಯಿರಲಿ, ಗಾಡಿ ನಿಲ್ಲಿಸಬಾರದು.

ಪಂಚಾಂಗವನ್ನೂ ಒಮ್ಮೆ ನೋಡಬೇಕು. ಕುಕ್ಕೆಯಲ್ಲಿ ಚಂಪಾಷಷ್ಠಿ, ಆಶ್ಲೇಷಾ ನಕ್ಷತ್ರದ ದಿನಗಳು, ಧರ್ಮಸ್ಥಳದಲ್ಲಿ ಕಾರ್ತೀಕದ ಲಕ್ಷದೀಪೋತ್ಸವ – ಈ ದಿನಗಳಲ್ಲಿ ತಂಗಲು ಕೋಣೆ ಸಿಗುವುದು ದುರ್ಲಭ.

ಹತ್ತುವ ದಿನ

ಎರಡನೆಯ ದಿನವನ್ನು ಉದ್ದೇಶಪೂರ್ವಕವಾಗಿಯೇ ಹಗುರ ಇಡಬೇಕು. ಕುಕ್ಕೆಯ ದರ್ಶನ, ಊಟ, ಸಾವಕಾಶವಾಗಿ ಧರ್ಮಸ್ಥಳ. ಮೂರನೆಯ ದಿನ ಬೆಳಕು ಹರಿದ ಕೂಡಲೇ ಉಜಿರೆ ದಾಟಿ ಚಾರ್ಮಾಡಿ ಹತ್ತಿದರೆ ಮೋಡ ಮೇಲೇಳುವ ಮುನ್ನ ಕಣಿವೆ ಕಾಣುತ್ತದೆ. ಏರುವಾಗ ಚಾಲಕ ಮುಂದೆ ನೋಡಲಿ, ರಸ್ತೆ ಅಗಲವಾದಲ್ಲಿ ನಿಲ್ಲಿಸಿ ಎಲ್ಲರೂ ಹಿಂದಕ್ಕೆ ತಿರುಗಿ ನೋಡಬೇಕು. ಪಶ್ಚಿಮದ ತಗ್ಗು ಬೆಳಗಿನ ಬಿಸಿಲಲ್ಲಿ ಕಡಲಿನತನಕ ಹರಡಿಕೊಂಡಂತಿರುತ್ತದೆ.

ಮೇಲೆ ಕೊಟ್ಟಿಗೆಹಾರ. ತಿಂಡಿಗೆ ಇಲ್ಲಿನ ನೀರುದೋಸೆ ಹೆಸರುವಾಸಿ. ಈ ಕಾಡನ್ನು ಕನ್ನಡದ ಮನೆಮನೆಗೆ ತಂದ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇಲ್ಲೇ ಇದೆ. ಇಲ್ಲಿಂದ ನೇರ ಮೂಡಿಗೆರೆಗೆ ಹೋಗುವ ಬದಲು, ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಉತ್ತರಕ್ಕೆ ಜಾವಳಿಗೆ ಹೋಗಿಬರಬೇಕು. ಬಲ್ಲಾಳರಾಯನದುರ್ಗದ ಸೀಮೆಯ ಈ ಊರಿನ ಬಳಿ ಹೇಮಾವತಿ ಹುಟ್ಟುತ್ತಾಳೆ.

ಹೊಳೆ ನೋಡಲು ಬಂದವರಿಗೆ ಇಲ್ಲಿ ಹೊಳೆಯೇ ಸಿಗುವುದಿಲ್ಲ. ಸುತ್ತ ಗುಡ್ಡ, ಕಾಡು, ತೋಟ, ನಡುವೆ ಸದ್ದಿಲ್ಲದೆ ಒಸರುವ ನೀರು. ಮೊದಲ ದಿನ ಹೊಳೆನರಸೀಪುರದಲ್ಲಿ ಅಗಲ ಲೆಕ್ಕ ಹಾಕಿಕೊಂಡಿದ್ದ ಮಗು, ‘ಅಷ್ಟು ದೊಡ್ಡ ಹೊಳೆ ಇಷ್ಟೇನಾ?’ ಎಂದು ಕೇಳುವುದು ಖಂಡಿತ. ಹೌದು, ಇಷ್ಟೇ. ಇಂಥ ನೂರಾರು ಒಸರುಗಳು ಕೂಡಿ ಹೇಮಾವತಿಯಾಗಿದೆ. ಗುಡ್ಡದ ಮೇಲಿನ ಹುಲ್ಲು, ಸಂದಿಯ ಶೋಲಾ ಕಾಡು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೆ ತೊಟ್ಟು ತೊಟ್ಟಾಗಿ ಬಿಡದಿದ್ದರೆ, ಗೊರೂರಿನ ಕಟ್ಟೆ ಎಷ್ಟೇ ಎತ್ತರವಿದ್ದರೂ ಹಿಡಿದಿಡಲು ಏನಿದ್ದೀತು?

ಮೂಡಿಗೆರೆಯ ಮೇಲೆ ಬೇಲೂರಿಗೆ ಬಂದರೆ 1117ರ ಚೆನ್ನಕೇಶವ ದೇವಾಲಯ, ಪಕ್ಕದಲ್ಲಿ ಯಗಚಿ. ಆ ಹೊಳೆಯೂ ಗೊರೂರಿನ ಕಡೆಗೇ ಹೊರಟದ್ದು. ದೀಪ ಹಚ್ಚುವ ಹೊತ್ತಿಗೆ ಹಾಸನ, ಇನ್ನೊಂದು ಗಂಟೆಗೆ ಚನ್ನರಾಯಪಟ್ಟಣ.

ತವರಿಗೆ ಹೋಗುವ ಹೆಣ್ಣುಮಗಳು ಹೊತ್ತು ನೋಡಿ ಹೊರಡುತ್ತಾಳೆ, ದಾರಿಯಲ್ಲಿ ಆತುರ ಮಾಡುವುದಿಲ್ಲ, ಆ ಮನೆಯ ಅಂಗಳದಲ್ಲಿ ಕಸ ಚೆಲ್ಲಿ ಬರುವುದಿಲ್ಲ. ಈ ನಾಲ್ಕು ತಾಲ್ಲೂಕಿನವರು ಘಟ್ಟಕ್ಕೆ ಹೋಗಿಬರಬೇಕಾದದ್ದೂ ಹಾಗೆಯೇ. ಬುತ್ತಿಯ ಜೊತೆ ಒಂದು ಖಾಲಿ ಚೀಲ ಇರಲಿ. ತಿಂದ ಪೊಟ್ಟಣ, ಕುಡಿದ ಬಾಟಲಿ ಎಲ್ಲ ಅದರಲ್ಲಿ ಮನೆಗೇ ಮರಳಿ ಬರಲಿ. ಅಲ್ಲಿ ಎಸೆದುಬಂದದ್ದು ಮುಂದಿನ ಮಳೆಗಾಲದಲ್ಲಿ ಹೊಳೆಯ ಜೊತೆಯೇ ಊರಿಗೆ ಬರುತ್ತದೆ.